ಪದವಿಗೆ ಆಸ್ಟ್ರೋಫಿಸಿಕ್ಸ್ ತಗೊಳ್ಳಲಾ, ಫಿಸಿಕ್ಸ್ ಮಾಡಿ ಆಮೇಲೆ ಈ ಕಡೆ ಬರಲಾ?

ಪ್ರಶ್ನೆ

ಶಾಲೆಯ ಕೊನೆಯ ವರ್ಷದಲ್ಲಿದ್ದೇನೆ. ಮುಂದೆ ಖಗೋಳವಿಜ್ಞಾನವನ್ನೇ ಓದಬೇಕು ಅಂತ ಮನಸ್ಸು ಗಟ್ಟಿ ಮಾಡಿಕೊಂಡಿದ್ದೇನೆ. ಕೆಲವು ಕಡೆ ಆಸ್ಟ್ರೋಫಿಸಿಕ್ಸ್ ಅಂತಲೇ ಪದವಿ ಇದೆ. ಇನ್ನು ಕೆಲವು ಕಡೆ ಬರೀ ಫಿಸಿಕ್ಸ್, ಕೊನೆಗೆ ಬೇಕಿದ್ದರೆ ಖಗೋಳದ ಒಂದೆರಡು ಪೇಪರ್ ಆರಿಸಿಕೊಳ್ಳಬಹುದು. ಯಾವುದು ವಾಸಿ? ಗಣಿತದಲ್ಲಿ ಪರವಾಗಿಲ್ಲ, ಆದರೆ ತರಗತಿಗೇ ಮೊದಲು ಬರುವಷ್ಟಲ್ಲ. ನಿಜವಾಗಿ ಎಷ್ಟು ಗಣಿತ ಬೇಕಾಗುತ್ತದೆ? ಮನೆಯಲ್ಲಿ "ಇದನ್ನು ಓದಿ ಮುಂದೇನು ಮಾಡ್ತೀಯ?" ಅಂತ ಕೇಳುತ್ತಾರೆ, ಅದಕ್ಕೂ ನನ್ನ ಹತ್ತಿರ ಸರಿಯಾದ ಉತ್ತರ ಇಲ್ಲ. ಓದಿದವರು ಯಾರಾದರೂ ಇದ್ದರೆ ಸ್ವಲ್ಪ ಬಿಡಿಸಿ ಹೇಳಿ.

ಉತ್ತರ 1

ಪದವಿಯ ಹೆಸರು ಯಾವುದೇ ಇರಲಿ, ಮೊದಲ ಎರಡು ವರ್ಷ ನೀವು ಓದುವುದು ಬಹುಪಾಲು ಫಿಸಿಕ್ಸ್ ಮತ್ತು ಗಣಿತ. ಮೆಕ್ಯಾನಿಕ್ಸ್, ವಿದ್ಯುತ್ಕಾಂತತೆ, ಥರ್ಮೋಡೈನಮಿಕ್ಸ್, ಕ್ವಾಂಟಮ್. ಜೊತೆಗೆ ಕ್ಯಾಲ್ಕುಲಸ್, ಲೀನಿಯರ್ ಆಲ್ಜಿಬ್ರಾ. ಕಪ್ಪುಕುಳಿಯ ಮಾತು ಬರುವ ಹೊತ್ತಿಗೆ ಕೊನೆಯ ವರ್ಷ ಬಂದಿರುತ್ತದೆ. ಇದು ಗೊತ್ತಿಲ್ಲದೆ ಸೇರಿದವರು ಮೊದಲ ವರ್ಷವೇ ಬೇಸರ ಮಾಡಿಕೊಳ್ಳುವುದನ್ನು ನೋಡಿದ್ದೇನೆ.

ಆದರೆ ಈ ಫಿಸಿಕ್ಸ್ ಹೇಗೋ ದಾಟಿಬಿಡಬೇಕಾದ ಅಡ್ಡಿ ಅಂದುಕೊಳ್ಳಬೇಡಿ. ಸೂರ್ಯನ ಸ್ಪೆಕ್ಟ್ರಮ್‌ನಲ್ಲಿ, ಅಂದರೆ ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಸಿಗುವ ಪಟ್ಟಿಯಲ್ಲಿ, ಕಬ್ಬಿಣ, ಕ್ಯಾಲ್ಸಿಯಂ ಧಾತುಗಳ ಗುರುತಾದ ಗೆರೆಗಳು ಎದ್ದು ಕಾಣುತ್ತವೆ. ಅದಕ್ಕೇ ಸೂರ್ಯನಲ್ಲೂ ಹೆಚ್ಚುಕಡಿಮೆ ಭೂಮಿಯಲ್ಲಿರುವಂಥ ವಸ್ತುವೇ ಇದೆ ಅಂತ ನೂರು ವರ್ಷದ ಹಿಂದೆ ದೊಡ್ಡ ದೊಡ್ಡವರೇ ನಂಬಿದ್ದರು. 1920ರಲ್ಲಿ ಮೇಘನಾದ ಸಹಾ ಒಂದು ಸಮೀಕರಣ ಕೊಟ್ಟರು: ಇಷ್ಟು ತಾಪಮಾನ, ಇಷ್ಟು ಒತ್ತಡ ಇದ್ದರೆ ಅನಿಲದ ಎಷ್ಟು ಪರಮಾಣುಗಳು ಎಲೆಕ್ಟ್ರಾನ್ ಕಳೆದುಕೊಂಡಿರುತ್ತವೆ ಅಂತ ಅದು ಹೇಳುತ್ತದೆ. ಸಿಸಿಲಿಯಾ ಪೇನ್ ಅದನ್ನು ಹಾರ್ವರ್ಡ್ ವೀಕ್ಷಣಾಲಯದಲ್ಲಿ ಮೊದಲೇ ಇದ್ದ ಸ್ಪೆಕ್ಟ್ರಮ್ ಫೋಟೋಗಳಿಗೆ ಅನ್ವಯಿಸಿದರು. ಗೆರೆ ದಪ್ಪಗಿದ್ದ ಮಾತ್ರಕ್ಕೆ ಆ ಧಾತು ಜಾಸ್ತಿ ಇದೆ ಅಂತಲ್ಲ, ತಾಪಮಾನ ಗೆರೆಯನ್ನು ಎತ್ತಿ ತೋರಿಸುತ್ತದೆ ಅಥವಾ ಅಡಗಿಸುತ್ತದೆ. ಲೆಕ್ಕ ಸರಿಮಾಡಿದಾಗ ನಕ್ಷತ್ರಗಳಲ್ಲಿ ಇರುವುದು ಬಹುತೇಕ ಹೈಡ್ರೋಜನ್, ಆಮೇಲೆ ಹೀಲಿಯಂ ಅಂತ ಬಂತು. 1925ರ ಅವರ ಪ್ರಬಂಧವನ್ನು ನೋಡಿದ ಆಗಿನ ಹೆಸರಾಂತ ಖಗೋಳವಿಜ್ಞಾನಿ ಹೆನ್ರಿ ನಾರಿಸ್ ರಸೆಲ್ ಇದು ಸಾಧ್ಯವಿಲ್ಲ ಅಂದರು, 1929ರಲ್ಲಿ ತಾವೇ ಬೇರೆ ದಾರಿಯಿಂದ ಅದೇ ಉತ್ತರಕ್ಕೆ ಬಂದರು. ಇದಕ್ಕೆ ಹೊಸ ದೂರದರ್ಶಕ ಬೇಕಾಗಲಿಲ್ಲ, ಬೇಕಾಗಿದ್ದು ಸ್ಟ್ಯಾಟಿಸ್ಟಿಕಲ್ ಮೆಕ್ಯಾನಿಕ್ಸ್, ಅಂದರೆ ಅಸಂಖ್ಯ ಕಣಗಳ ಒಟ್ಟು ನಡವಳಿಕೆಯನ್ನು ಲೆಕ್ಕ ಹಾಕುವ ಫಿಸಿಕ್ಸ್.

ಹಾಗಾಗಿ ಸಿಲೆಬಸ್ ತೆಗೆದು ನೋಡಿ. ಕ್ವಾಂಟಮ್, ವಿದ್ಯುತ್ಕಾಂತತೆ, ಸ್ಟ್ಯಾಟಿಸ್ಟಿಕಲ್ ಮೆಕ್ಯಾನಿಕ್ಸ್ ಪೂರ್ತಿ ಕಲಿಸುತ್ತಾರಾ? ಹಾಗಿದ್ದರೆ ಎರಡರಲ್ಲಿ ಯಾವುದಕ್ಕೆ ಸೇರಿದರೂ ನಷ್ಟವಿಲ್ಲ. ಅವನ್ನು ಮೊಟಕು ಮಾಡಿ ಖಗೋಳದ ಪರಿಚಯ ಪಾಠಗಳನ್ನೇ ತುಂಬಿದ್ದರೆ ಫಿಸಿಕ್ಸ್‌ಗೇ ಹೋಗಿ.

ಉತ್ತರ 2

ಗಣಿತದ ಬಗ್ಗೆ ನಾನು ಹೇಳುತ್ತೇನೆ. ಮೊದಲಿಗರಾಗಿರಬೇಕಿಲ್ಲ. ಒಂದು ಲೆಕ್ಕದ ಮುಂದೆ ಇಡೀ ಸಂಜೆ ಕೂರುವ ತಾಳ್ಮೆ ಬೇಕು, ಅಷ್ಟೇ. ನಕ್ಷತ್ರದ ಒಳರಚನೆಯ ಪಾಠ ಶುರುವಾಗುವುದೇ ಒಂದು ಡಿಫರೆನ್ಷಿಯಲ್ ಸಮೀಕರಣದಿಂದ: ಪ್ರತಿ ಪದರದಲ್ಲೂ ಒಳಗೆ ಎಳೆಯುವ ಗುರುತ್ವವನ್ನು ಒಳಗೆ ಹೋದಂತೆ ಏರುವ ಒತ್ತಡ ತಡೆದು ನಿಲ್ಲಿಸಬೇಕು. ಇಷ್ಟು ಇಟ್ಟುಕೊಂಡು, ಸೂರ್ಯನ ತೂಕ ಮತ್ತು ಅಳತೆ ಹಾಕಿದರೆ, ಅದರ ನಡುಭಾಗ ಕೋಟಿ ಡಿಗ್ರಿ ಲೆಕ್ಕದಲ್ಲಿ ಕಾದಿರಬೇಕು ಅಂತ ಒಂದು ಹಾಳೆಯಲ್ಲಿ ತೋರಿಸಬಹುದು. ಈಗ ಒಪ್ಪಿರುವ ಬೆಲೆ ಸುಮಾರು 1.5 ಕೋಟಿ ಕೆಲ್ವಿನ್. ಯಾರೂ ಹೋಗಲಾರದ ಜಾಗದ ತಾಪಮಾನವನ್ನು ಕೂತಲ್ಲೇ ಕಂಡುಹಿಡಿಯುವುದು ಎಂಥ ಖುಷಿ ಅಲ್ವಾ!

ದೂರದರ್ಶಕದ ಮುಂದೆ ಕಳೆಯುವ ರಾತ್ರಿಗಳು ಕಡಿಮೆ, ಕಂಪ್ಯೂಟರ್ ಮುಂದೆ ಕಳೆಯುವ ಹಗಲುಗಳು ಜಾಸ್ತಿ. ದೂರದರ್ಶಕದ ಸಿಸಿಡಿ (ಡಿಜಿಟಲ್) ಕ್ಯಾಮೆರಾ ಕೊಟ್ಟ ಚಿತ್ರದಿಂದ ಬಯಾಸ್ (ಕ್ಯಾಮೆರಾ ತಾನೇ ಸೇರಿಸುವ ಮೂಲ ಅಂಕಿ), ಡಾರ್ಕ್ (ಬೆಳಕಿಲ್ಲದಿದ್ದರೂ ಶಾಖದಿಂದ ಬರುವ ಸಿಗ್ನಲ್) ಕಳೆದು, ಫ್ಲ್ಯಾಟ್‌ನಿಂದ (ಸಮನಾದ ಬೆಳಕಿನಲ್ಲಿ ತೆಗೆದ ಚಿತ್ರ) ಭಾಗಿಸಿ, ಆಮೇಲೆ ನಕ್ಷತ್ರದ ಬೆಳಕು ಅಳೆಯಬೇಕು. ಈ ಶುದ್ಧ ಮಾಡುವ ಕೆಲಸ ಯಾಕೆ ಅಂದರೆ, ಸೂರ್ಯನಂಥ ನಕ್ಷತ್ರದ ಮುಂದೆ ಗುರುವಿನಷ್ಟು ದೊಡ್ಡ ಗ್ರಹ ಹಾದುಹೋದರೂ ಬೆಳಕು ಕಡಿಮೆಯಾಗುವುದು ಸುಮಾರು 1 ಶೇಕಡಾ. ಭೂಮಿಯಷ್ಟು ಗ್ರಹವಾದರೆ 0.01 ಶೇಕಡಾಕ್ಕಿಂತ ಕಡಿಮೆ. ಕ್ಯಾಮೆರಾದ ತಪ್ಪು ಯಾವುದು, ಗ್ರಹ ಯಾವುದು ಅಂತ ಬೇರೆ ಮಾಡಲು ಬರದಿದ್ದರೆ ಏನೂ ಸಿಗುವುದಿಲ್ಲ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಿರಿ. ಸ್ಟ್ಯಾಟಿಸ್ಟಿಕ್ಸ್ ಕಡ್ಡಾಯ ಅಲ್ಲದಿದ್ದರೂ ತಗೊಳ್ಳಿ.

ಉತ್ತರ 3

ಮೊದಲ ಉತ್ತರ ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಒಂದು ವಿಷಯ ಬಿಟ್ಟುಹೋಗಿದೆ. ಖಗೋಳ ವಿಭಾಗ ಇರುವ ಕಡೆ ಓದಿದರೆ ಎರಡನೇ ವರ್ಷದಲ್ಲೇ ಯಾರದಾದರೂ ಸಂಶೋಧನೆಯಲ್ಲಿ ಸಣ್ಣ ಕೆಲಸ ಕೇಳಿ ಪಡೆಯಬಹುದು. ಅದು ಸಿಲೆಬಸ್‌ನಲ್ಲಿ ಕಾಣುವುದಿಲ್ಲ, ಆದರೆ ಪಿಎಚ್‌ಡಿಗೆ ಅರ್ಜಿ ಹಾಕುವಾಗ ತುಂಬಾ ತೂಕ ಇರುವುದು ಅದಕ್ಕೇ. ನಾನಾದರೆ ಅಲ್ಲಿ ಖಗೋಳದಲ್ಲಿ ಕೆಲಸ ಮಾಡುವ ಪ್ರಾಧ್ಯಾಪಕರು ಎಷ್ಟು ಜನ ಇದ್ದಾರೆ ಅಂತ ಮೊದಲು ನೋಡುತ್ತೇನೆ.

ಕೆಲಸದ ವಿಷಯವನ್ನು ಮನೆಯವರಿಗೆ ಮುಚ್ಚಿಡದೆ ಹೇಳಿ. ಸಂಶೋಧಕರಾಗಬೇಕಾದರೆ ಪದವಿ ಸಾಲದು. ಪಿಎಚ್‌ಡಿ, ಅದಾದ ಮೇಲೆ ಎರಡು ಮೂರು ವರ್ಷದ ಪೋಸ್ಟ್‌ಡಾಕ್ (ತಾತ್ಕಾಲಿಕ ಸಂಶೋಧಕ) ಕೆಲಸಗಳು, ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು, ಊರು ದೇಶ ಬದಲಾಯಿಸುತ್ತಾ. ಪಿಎಚ್‌ಡಿ ಮುಗಿಸುವವರಿಗಿಂತ ಕಾಯಂ ಹುದ್ದೆಗಳು ತುಂಬಾ ಕಡಿಮೆ. ಇದನ್ನು ಯಾರೂ ಸಿಹಿ ಮಾಡಿ ಹೇಳಬಾರದು. ಹಾಗಂತ ಪದವಿ ವ್ಯರ್ಥವಲ್ಲ. ಗದ್ದಲದ ಡೇಟಾದಿಂದ ಸಣ್ಣ ಸಿಗ್ನಲ್ ಹೆಕ್ಕುವ ಕೈಚಳಕ ಡೇಟಾ ಸೈನ್ಸ್, ಸಾಫ್ಟ್‌ವೇರ್, ಉಪಗ್ರಹ, ವೈದ್ಯಕೀಯ ಇಮೇಜಿಂಗ್ ಎಲ್ಲದರಲ್ಲೂ ನಡೆಯುತ್ತದೆ. ಪಾಠ ಮಾಡುವುದು ಇಷ್ಟವಿದ್ದರೆ ಅದೂ ಇದೆ. ಸಂಶೋಧನೆಗೇ ಹೋಗುತ್ತೇನೆ ಅಂತ ಖಚಿತ ಇಲ್ಲದವರಿಗೆ ಫಿಸಿಕ್ಸ್ ಪದವಿ ಸ್ವಲ್ಪ ಹೆಚ್ಚು ಬಾಗಿಲು ತೆರೆದಿಡುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ಒಂದೇ ಒಂದು ಪ್ರಶ್ನೆ ಉಳಿದಿದೆ. ಈ ಡೇಟಾ ಕೆಲಸ ನನಗೆ ಹಿಡಿಸುತ್ತಾ ಇಲ್ವಾ ಅಂತ ಸೇರುವ ಮೊದಲೇ ತಿಳಿಯಲು ಏನಾದರೂ ದಾರಿ ಇದೆಯಾ?

ಉತ್ತರ 2

ಇದೆ, ಅದಕ್ಕೆ ಖರ್ಚೂ ಇಲ್ಲ. ಯುರೋಪಿನ ಗಾಯಾ ಉಪಗ್ರಹದ ಡೇಟಾ ಎಲ್ಲರಿಗೂ ತೆರೆದಿದೆ. 2022ರಲ್ಲಿ ಬಂದ ಮೂರನೇ ಬಿಡುಗಡೆಯಲ್ಲಿ ಸುಮಾರು 180 ಕೋಟಿ ಆಕಾಶಕಾಯಗಳ ಅಳತೆ ಇದೆ. ಅದರಿಂದ ಕೃತ್ತಿಕೆ ನಕ್ಷತ್ರಗುಂಪಿನ ಸುತ್ತ ಒಂದೆರಡು ಡಿಗ್ರಿ ಆಕಾಶ ತೆಗೆದುಕೊಳ್ಳಿ. ಪ್ಯಾರಲಾಕ್ಸ್ (ಭೂಮಿ ಸೂರ್ಯನ ಸುತ್ತ ಸುತ್ತುವಾಗ ನಕ್ಷತ್ರ ಜರುಗಿದಂತೆ ಕಾಣುವ ಸಣ್ಣ ಕೋನ, ಅದರಿಂದ ದೂರ ಸಿಗುತ್ತದೆ) 7.4 ಮಿಲಿಆರ್ಕ್‌ಸೆಕೆಂಡ್ ಹತ್ತಿರ ಇರುವವನ್ನು ಮಾತ್ರ ಉಳಿಸಿ. 1000ವನ್ನು 7.4ರಿಂದ ಭಾಗಿಸಿದರೆ 135 ಪಾರ್ಸೆಕ್, ಅಂದರೆ ಸುಮಾರು 440 ಜ್ಯೋತಿರ್ವರ್ಷ. ಗುಂಪಿನ ದೂರ ಸಿಕ್ಕಿತು. ಈಗ ಅಡ್ಡಕ್ಕೆ ಬಣ್ಣ, ಉದ್ದಕ್ಕೆ ಹೊಳಪು ಇಟ್ಟು ಗ್ರಾಫ್ ಹಾಕಿ. ನೀಲಿ ಪ್ರಕಾಶಮಾನ ನಕ್ಷತ್ರಗಳಿಂದ ಕೆಂಪು ಮಂಕು ನಕ್ಷತ್ರಗಳವರೆಗೆ ಒಂದು ಸ್ಪಷ್ಟ ಪಟ್ಟಿ ಇಳಿಯುತ್ತದೆ. ಮೊದಲ ಸಲ ಕೋಡ್ ಓಡದೇ ಇರಬಹುದು, ಪಟ್ಟಿ ಕಸದಂತೆ ಕಾಣಬಹುದು. ಆಗ ಎದ್ದು ಹೋಗಬೇಕು ಅನಿಸುತ್ತದಾ, ಸರಿಮಾಡಬೇಕು ಅನಿಸುತ್ತದಾ, ಗಮನಿಸಿ.

ಚೆನ್ನಾಗಿ ಬಂದರೆ ಪಟ್ಟಿಯ ಸ್ವಲ್ಪ ಮೇಲೆ ಇನ್ನೊಂದು ತೆಳು ಸಾಲು ಕಾಣುತ್ತದೆ. ಅವುಗಳಲ್ಲಿ ಬಹಳಷ್ಟು ಜೋಡಿ ನಕ್ಷತ್ರಗಳು, ಎರಡೂ ಸೇರಿ ಒಂದೇ ಚುಕ್ಕೆಯಾಗಿ ದಾಖಲಾಗಿವೆ. ಎರಡೂ ಒಂದೇ ಥರದವಾದರೆ 0.75 ಮ್ಯಾಗ್ನಿಟ್ಯೂಡ್ (ಹೊಳಪಿನ ಅಳತೆ) ಮೇಲಿರುತ್ತವೆ. ಯಾಕೆ 0.75 ಅಂತ ನೀವೇ ಲೆಕ್ಕ ಮಾಡಿ, ಗ್ರಾಫ್ ಜೊತೆ ಇಲ್ಲೇ ಹಾಕಿ. ನೋಡಿ ಹೇಳುತ್ತೇನೆ.