ಬೆಳ್ಳಗಾಗುವ ಬೆರಳು, ಹಿಡಿದುಕೊಳ್ಳುವ ಸೊಂಟ: ಫ್ಯಾಕ್ಟರಿ ಕೆಲಸದವರ ಗ್ರೂಪಿನಲ್ಲಿ ಡಾಕ್ಟರ್ ಜೊತೆ ಪ್ರಶ್ನೋತ್ತರ

ಗ್ರೈಂಡಿಂಗ್, ಹೆಬ್ಬಾಳ: ಮೇಡಂ, ಎಂಟು ವರ್ಷದಿಂದ ಕಾಸ್ಟಿಂಗ್ ಉಜ್ಜುವ ಕೆಲಸ. ಚಳಿಗಾಲದಲ್ಲಿ ಬೆಳಗಿನ ಶಿಫ್ಟಿಗೆ ಬೈಕಲ್ಲಿ ಬರುವಾಗ ಬಲಗೈಯ ಎರಡು ಬೆರಳು ಸುಣ್ಣದ ಹಾಗೆ ಬೆಳ್ಳಗಾಗುತ್ತವೆ. ಮುಟ್ಟಿದರೂ ಗೊತ್ತಾಗುವುದಿಲ್ಲ. ಆಮೇಲೆ ಕೆಂಪಾಗಿ ಉರಿಯುತ್ತವೆ. ರಕ್ತ ಕಮ್ಮಿ ಅಂತ ಐರನ್ ಮಾತ್ರೆ ಕೊಟ್ಟಿದ್ದಾರೆ.

ಟೈಲರ್, ಮದ್ದೂರು: ಗಾರ್ಮೆಂಟ್ಸ್ ಲೈನಲ್ಲಿದ್ದೇನೆ. ಬೆನ್ನು ನೋವು. ಬೆಲ್ಟ್ ಹಾಕಬಹುದಾ?

ಡಾಕ್ಟರ್: ಟೈಲರ್ ಅವರೇ, ಬೆಲ್ಟ್ ಬೇಡ. ನೋವು ಬಾರದಂತೆ ಅದು ತಡೆಯುವುದಿಲ್ಲ. ಸ್ಟೂಲಿಗೆ ಒರಗು ಬೇಕು, ಎತ್ತರ ನಿಮ್ಮ ಕಾಲಿಗೆ ಹೊಂದಬೇಕು.

ಹೆಬ್ಬಾಳದವರೇ, ನಿಮ್ಮದು ಸುಮ್ನೆ ಬಿಡುವ ವಿಷಯ ಅಲ್ಲ. ಗ್ರೈಂಡರ್ ಅದುರಿ ಅದುರಿ ಬೆರಳಿನ ಸಣ್ಣ ರಕ್ತನಾಳ, ನರ ಎರಡೂ ಹಾಳಾಗುತ್ತವೆ. ಚಳಿ ತಾಗಿದ ಕೂಡಲೇ ರಕ್ತನಾಳ ಮುದುಡಿ ಬೆರಳು ಬಿಳಿಚಿಕೊಳ್ಳುತ್ತದೆ. ನಿಮಗೆ ಅದೇ ಆಗಿರಬಹುದು ಅಂತ ನನ್ನ ಅನುಮಾನ. ಹಾಗಿದ್ದರೆ ಐರನ್ ಮಾತ್ರೆ ಇದಕ್ಕೆ ಮದ್ದಲ್ಲ. ಈಗಲೇ ಗ್ರೈಂಡರ್ ಬಿಟ್ಟರೆ ಬಿಳಿಚುವುದು ಕಮ್ಮಿಯಾಗಬಹುದು. ಮರಗಟ್ಟುವುದು ಬಲಿತರೆ ವಾಸಿಯಾಗುವುದು ಕಷ್ಟ. ಬೆಳ್ಳಗಾದಾಗ ಫೋಟೋ ತೆಗೆದಿಡಿ. ಡಾಕ್ಟರ ಮುಂದೆ ಕೂತಾಗ ಕೈ ಸರಿಯಾಗೇ ಕಾಣುತ್ತದೆ! ಇಎಸ್‌ಐ ಆಸ್ಪತ್ರೆಗೆ ಹೋಗಿ, ಯಾವ ಮೆಷಿನ್, ದಿನಕ್ಕೆ ಎಷ್ಟು ಗಂಟೆ ಅನ್ನುವುದನ್ನೂ ಚೀಟಿಯಲ್ಲಿ ಬರೆಸಿ. ಸವೆದ ಡಿಸ್ಕ್ ಹಾಕಿ ಕೆಲಸ ಮಾಡಬೇಡಿ, ಅದುರು ಜಾಸ್ತಿ. ಬಿಗಿಯಾಗಿ ಹಿಡಿದಷ್ಟೂ ಅದು ಕೈಗೆ ಏರುತ್ತದೆ. ಬೀಡಿ, ಸಿಗರೇಟ್ ಇದ್ದರೆ ಬಿಡಿ. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರ ಆಗುತ್ತದಾ?

ಸದಸ್ಯ, ಪಾಂಡವಪುರ: ಬಂದ ಮೆಸೇಜ್ ಹಾಕಿದ್ದೇನೆ. ಎಕ್ಕದ ಎಲೆಗೆ ಬೇವಿನ ಎಣ್ಣೆ ಸವರಿ, ಬಿಸಿ ಮಾಡಿ ಕಟ್ಟಿ. ಮೂರೇ ದಿನದಲ್ಲಿ ನರ ಸಡಿಲ. ಎಲ್ಲರಿಗೂ ಕಳಿಸಿ.

ಡಾಕ್ಟರ್: ಯಾರಿಗೂ ಕಳಿಸಬೇಡಿ. ಮರಗಟ್ಟಿದ ಬೆರಳಿಗೆ ಬಿಸಿ ಕಟ್ಟಿದರೆ ಸುಟ್ಟದ್ದೂ ಗೊತ್ತಾಗುವುದಿಲ್ಲ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಕಣ್ಣಿಗೇ ಅಪಾಯ.

ಸದಸ್ಯ, ಪಾಂಡವಪುರ: ಅಜ್ಜಿ ಕಾಲದ ಮದ್ದು ಇದು. ಬಗ್ಗಿ ನಾಟಿ ಹಾಕುತ್ತಿದ್ದ ಅವರಿಗೆ ಬೆನ್ನು ನೋವೇ ಇರಲಿಲ್ಲ.

ಟೈಲರ್, ಮದ್ದೂರು: ಇರಲಿಲ್ಲ ಅಂತ ಯಾರು ಹೇಳಿದ್ದು? ನಮ್ಮಮ್ಮ ನಾಟಿ ಹಾಕಿ ಹಾಕಿ ಈಗ ನೆಟ್ಟಗೆ ನಿಲ್ಲಲಾರರು.

ಸೂಪರ್‌ವೈಸರ್, ನಂಜನಗೂಡು: ಸ್ಟೂಲಿಗೆ ಒರಗು ಕೊಟ್ಟರೆ ಒರಗಿಕೊಂಡೇ ಕೂರುತ್ತಾರೆ. ಟಾರ್ಗೆಟ್ ಯಾರು ಮುಟ್ಟಿಸುವುದು?

ಟೈಲರ್, ಮದ್ದೂರು: ನಿಮ್ಮ ಕುರ್ಚಿಗೆ ಒರಗು ಇದೆಯಾ, ಇಲ್ವಾ?

ಸೂಪರ್‌ವೈಸರ್, ನಂಜನಗೂಡು: ನನ್ನ ಕೆಲಸ ಬೇರೆ. ಮಾತು ಹಿಡಿತದಲ್ಲಿರಲಿ.

ಪ್ಯಾಕಿಂಗ್, ಕೂರ್ಗಳ್ಳಿ: ನಮಗೆ ಸ್ಟೂಲೇ ಇಲ್ಲ. ಎಂಟು ಗಂಟೆ ನಿಂತೇ ಇರುತ್ತೇವೆ.

ಡಾಕ್ಟರ್: ನಿಂತು ಕೆಲಸ ಮಾಡುವವರಿಗೆ ಬಿಡುವಾದಾಗ ಕೂರಲು ಜಾಗ ಕೊಡಬೇಕು. 2025ರ ನವೆಂಬರ್ ತನಕ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 44ನೇ ಸೆಕ್ಷನ್ ಹೇಳಿದ್ದೇ ಇದು. ಸೂಪರ್‌ವೈಸರ್ ಸಾಹೇಬರೂ ಓದಲಿ.



ಲೋಡಿಂಗ್, ಮಂಡ್ಯ: ಸಕ್ಕರೆ ಮೂಟೆ ಹೊರುವವನು. ಸೊಂಟ ಹಿಡಿದಿದೆ. ಬೆಲ್ಟ್ ಹಾಕಲಾ?

ಡಾಕ್ಟರ್: ಬೆಲ್ಟ್ ಬಗ್ಗೆ ಮೇಲೆ ಬರೆದಿದ್ದೇನೆ. 50 ಕೆ.ಜಿ. ಮೂಟೆ ಒಬ್ಬರೇ ಎತ್ತಬೇಡಿ. ಕೆಲಸಗಾರರ ಸುರಕ್ಷತೆ, ಆರೋಗ್ಯದ ಬಗ್ಗೆ ಅಧ್ಯಯನ ಮಾಡುವ ಅಮೆರಿಕದ ನಿಯೋಶ್ ಸಂಸ್ಥೆಯ ಲೆಕ್ಕದಲ್ಲಿ ಎಲ್ಲ ಅನುಕೂಲ ಇದ್ದರೂ ಎತ್ತುವ ಮಿತಿ 23 ಕೆ.ಜಿ.

ಗ್ರೈಂಡಿಂಗ್, ಹೆಬ್ಬಾಳ: ಹೌದು ಮೇಡಂ, ಬೆರಳು ಜೋಮು ಹಿಡಿದು ರಾತ್ರಿ ಎದ್ದು ಕೈ ಕೊಡವುತ್ತೇನೆ.

ಡಾಕ್ಟರ್: ಹಾಗಾದರೆ ಮಣಿಕಟ್ಟಿನಲ್ಲೂ ನರ ಒತ್ತಿರಬಹುದು. ನರದ ಪರೀಕ್ಷೆ ಮಾಡಿಸಬೇಕು ಅಂತ ಇಎಸ್‌ಐನಲ್ಲಿ ಕೇಳಿ.

ಸದಸ್ಯ, ಶ್ರೀರಂಗಪಟ್ಟಣ: ಯಾವ ಕಂಪನಿ ಬೆಲ್ಟ್ ಒಳ್ಳೆಯದು?

ಡಾಕ್ಟರ್: ಯಾವುದೂ ಬೇಡ.

ಲೋಡಿಂಗ್, ಮಂಡ್ಯ: ಇನ್ನೊಂದು ಮಾತು. ನಿನ್ನೆಯಿಂದ ಎಡಪಾದ ಮೇಲೆತ್ತಲು ಆಗುತ್ತಿಲ್ಲ. ಚಪ್ಪಲಿ ಜಾರುತ್ತದೆ.

ಸದಸ್ಯ, ಪಾಂಡವಪುರ: ಅದಕ್ಕೇ ಎಕ್ಕದ ಎಲೆ ಹೇಳಿದ್ದು.

ಡಾಕ್ಟರ್: ನೀವು ಇನ್ನು ಮದ್ದು ಹೇಳಬೇಡಿ! ಲೋಡಿಂಗ್ ಅವರೇ, ಸೊಂಟದಲ್ಲಿ ನರ ಒತ್ತಿರಬಹುದು. ಇವತ್ತೇ ಮಂಡ್ಯದ ಮಿಮ್ಸ್ ಆಸ್ಪತ್ರೆಗೆ ಹೋಗಿ. ಮೂತ್ರ ಕಟ್ಟಿದೆಯಾ? ಕೂರುವ ಜಾಗ ಮರಗಟ್ಟಿದೆಯಾ?

ಲೋಡಿಂಗ್, ಮಂಡ್ಯ: ಬೆಳಿಗ್ಗೆಯಿಂದ ಮೂತ್ರ ಸರಿಯಾಗಿ ಆಗಿಲ್ಲ. ಶಿಫ್ಟ್ ಮುಗಿಸಿ ಹೋಗುತ್ತೇನೆ.

ಡಾಕ್ಟರ್: ಶಿಫ್ಟ್ ಮುಗಿಯುವ ತನಕ ಕಾಯಬೇಡಿ. ಈಗಲೇ ಆಟೋ ಹಿಡಿದು ತುರ್ತು ವಿಭಾಗಕ್ಕೆ ಹೊರಡಿ. ಪಾದ ಎತ್ತಲಾಗುತ್ತಿಲ್ಲ, ಮೂತ್ರ ಕಟ್ಟಿದೆ ಅಂತ ಬಾಗಿಲಲ್ಲೇ ಹೇಳಿ.