ಕೈ ತೊಳೆಯಬಾರದ ಬೇಸಿನ್ನು

"ಶೀನಿ, ಕೈ ಎಲ್ಲಿ ತೊಳೀಲಪ್ಪಾ?" ವೆಂಕ ಹೀಗೆ ಕೇಳಿದ್ದು ಅದು ಮೂರನೇ ಸಲ.

"ಎಲ್ಲಿ ಬೇಕಾದರೂ ತೊಳಿ. ಬೇಸಿನ್ನಿನಲ್ಲಿ ಮಾತ್ರ ಬೇಡ."

ಭಾನುವಾರ ಬೆಳಿಗ್ಗೆ, ಬಸವನಗುಡಿಯ ಶೀನಿ ಮನೆಯ ಹಜಾರ. ನಾವೆಲ್ಲ ಹಳೇ ಪೇಪರ್ ಹಾಸಿಕೊಂಡು, ಮಧ್ಯೆ ಒಂದು ಪರಾತ ಇಟ್ಟುಕೊಂಡು ಕೂತಿದ್ದೆವು. ಪರಾತದ ತುಂಬ ರಾತ್ರಿಯೇ ನೆನೆಹಾಕಿದ ಅವರೆಕಾಳು. ಹಿದುಕಿದ ಬೇಳೆ ಸಾರು ಬೇಕು ಅನ್ನುವವರು ಬಂದು ಹಿದುಕಿಕೊಡಬೇಕು ಅನ್ನುವುದು ಪದ್ಮತ್ತಿಗೆಯ ಕಾನೂನು. ಎರಡು ಬೆರಳ ನಡುವೆ ಕಾಳು ಹಿಡಿದು ಒತ್ತಿದರೆ ಬೇಳೆ ಪುಳಕ್ ಅಂತ ಆಚೆ ಬರುತ್ತದೆ, ಸಿಪ್ಪೆ ಕೈಯಲ್ಲೇ ಉಳಿಯುತ್ತದೆ. ಒಂದು ಪಾವು ಆಗುವಷ್ಟರಲ್ಲಿ ಬೆರಳೆಲ್ಲ ಲೋಳೆ ಲೋಳೆ, ಮೊಣಕೈವರೆಗೂ ವಾಸನೆ.

ಬೇಸಿನ್ನು ನಾಲ್ಕೇ ಅಡಿ ದೂರದಲ್ಲಿತ್ತು. ಊಟದ ಮೇಜಿನ ಪಕ್ಕದ ಗೋಡೆಯಲ್ಲಿ, ಹಾಲಿನ ಹಾಗೆ ಬೆಳ್ಳಗೆ. ಅದರ ಮುಂದೆ ಎರಡು ಕುರ್ಚಿ ಅಡ್ಡ ಇಟ್ಟು, ಹಗ್ಗ ಕಟ್ಟಿ, ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ "ಮುಟ್ಟಬೇಡಿ" ಅಂತ ಬರೆದು ತೂಗುಹಾಕಿದ್ದ ಶೀನಿ.

"ಗರ್ಭಗುಡಿಗೂ ಇಷ್ಟು ಮಡಿ ಇಲ್ಲ ಕಣಯ್ಯ," ಅಂದ ಗುಂಡಣ್ಣ. "ಅಲ್ಲಿ ತೀರ್ಥಕ್ಕಾದರೂ ಕೈ ಒಡ್ಡಬಹುದು."

"ನಿನಗೇನು ಗೊತ್ತು? ಇದು ಆಂಟಿಕ್ಕು."

"ಮೊನ್ನೆ ಮೊನ್ನೆವರೆಗೂ ಇದರಲ್ಲಿ ಉಗಿಯುತ್ತಿದ್ದೆಯಲ್ಲ?"

"ಆಗ ಗೊತ್ತಿರಲಿಲ್ಲ. ಕೆಳಗೆ ಮಲಗಿ ಟಾರ್ಚ್ ಬಿಟ್ಟು ನೋಡಿದೆ. ಶ್ಯಾಂಕ್ಸ್, ಬ್ಯಾರ್‌ಹೆಡ್ ಅಂತ ಮುದ್ರೆ ಇದೆ. ಸ್ಕಾಟ್‌ಲೆಂಡಿನದ್ದು. 1969ರಲ್ಲಿ ಆ ಕಂಪನಿ ಆರ್ಮಿಟೇಜ್ ಜೊತೆ ಸೇರಿ ಆರ್ಮಿಟೇಜ್ ಶ್ಯಾಂಕ್ಸ್ ಆಯಿತು. ಇದರ ಮೇಲೆ ಬರೀ ಶ್ಯಾಂಕ್ಸ್ ಅಂತಿದೆ. ಅಂದರೆ ಅದಕ್ಕಿಂತ ಹಳೇದು. ನಮ್ಮ ತಾತ ಹಾಕಿಸಿದ್ದು."

"ನಿನ್ನ ಜಾತಕ ಎಲ್ಲಿದೆ ಅಂದರೆ ಗೊತ್ತಿಲ್ಲ ಅಂತೀಯ. ಬೇಸಿನ್ನಿನದು ಮಾತ್ರ ಬಾಯಿಪಾಠ."

ವೆಂಕನಿಗೆ ಯಾವ ಮಾತಿನಲ್ಲೂ ಒಂದು ಪಾಲು ಬೇಕು. "ನಾನು ಇದು ನಮ್ಮ ಪೋರ್ಸಲಿನ್ ಫ್ಯಾಕ್ಟರಿಯದು ಅಂದುಕೊಂಡಿದ್ದೆ. ಟಾಟಾ ಇನ್‌ಸ್ಟಿಟ್ಯೂಟ್ ಹತ್ತಿರ ಮಹಾರಾಜರ ಕಾಲದ್ದು ಒಂದು ಇತ್ತಲ್ಲ? ಆಮೇಲೆ ಬಿಎಚ್‌ಇಎಲ್‌ಗೆ ಸೇರಿತಲ್ಲ?"

"ಅಲ್ಲಿ ಮಾಡುತ್ತಿದ್ದದ್ದು ಕರೆಂಟು ಕಂಬದ ಮೇಲಿನ ಪಿಂಗಾಣಿ," ಅಂದ ಗುಂಡಣ್ಣ. "ಅಲ್ಲಿಯದೇ ಆಗಿದ್ದರೆ ಒಳ್ಳೇದಿತ್ತು. ಮುಟ್ಟಿದರೆ ಶಾಕ್ ಹೊಡೀತಿರಲಿಲ್ಲ. ಈಗ ನೋಡು, ನಾವು ಮುಟ್ಟಿದರೆ ಶೀನಿಗೆ ಹೊಡೆಯುತ್ತೆ."

ಇದೆಲ್ಲ ಶುರುವಾದದ್ದು ಫೋನಿನಿಂದ. ಯಾವನೋ ಅಮೆರಿಕದವನು ಕೊಟ್ಟಿಗೆಯಲ್ಲಿ ಬಿದ್ದಿದ್ದ ಕರೀ ಸಿಂಕೊಂದನ್ನು ತಂದು, ಉಜ್ಜಿ, ಬಣ್ಣ ಹೊಡೆದು, ಹೊಸದು ಮಾಡಿದ. ಹಿಂದೆ ಪಿಯಾನೋ. ಎರಡು ನಿಮಿಷದಲ್ಲಿ ಮುಗಿಯಿತು. ಶೀನಿ ರಾತ್ರಿ ಒಂದು ಗಂಟೆಗೆ ಎದ್ದು ಕೂತು "ನಮ್ಮದನ್ನೂ ಮಾಡಬಹುದು ಕಣೇ" ಅಂದನಂತೆ. ಪದ್ಮತ್ತಿಗೆ ಕನಸು ಅಂದುಕೊಂಡು ಮಗ್ಗುಲು ಬದಲಿಸಿದರಂತೆ. ಬೆಳಿಗ್ಗೆ ನೋಡಿದರೆ ಕಿಟ್ಟು ಆರ್ಡರ್ ಆಗಿತ್ತು.

ಮೊದಲು ಆಯಸ್ಕಾಂತದ ಪರೀಕ್ಷೆ. ಫ್ರಿಜ್ಜಿನ ಮೇಲಿದ್ದ ತಿರುಪತಿ ತಿಮ್ಮಪ್ಪನನ್ನು ತಂದು ಬೇಸಿನ್ನಿಗೆ ಹಚ್ಚಿದ. ಅಂಟಿದರೆ ಒಳಗೆ ಕಬ್ಬಿಣ, ಮೇಲೆ ಗಾಜಿನ ಪುಡಿ ಕರಗಿಸಿ ಹಿಡಿಸಿದ ಎನಾಮಲ್. ಅಂಟದಿದ್ದರೆ ಒಳಗೂ ಸುಟ್ಟ ಮಣ್ಣೇ. ತಿಮ್ಮಪ್ಪ ಜಾರಿ ಬಿದ್ದ. ಪದ್ಮತ್ತಿಗೆ ಅಪಶಕುನ ಅಂದರು. ಶೀನಿ ಅಪ್ಪಟ ಪಿಂಗಾಣಿ ಅಂದ.

ಆಮೇಲೆ ಪ್ಲಂಬರನ್ನು ಕರೆಸಿ ನಲ್ಲಿ ಬಿಚ್ಚಿಸಿದ, ವೇಸ್ಟ್ ಕಪ್ಲಿಂಗ್ ಬಿಚ್ಚಿಸಿದ. ಅಂಚಿನಲ್ಲಿ ಚಕ್ಕೆ ಎದ್ದಿದ್ದ ಕಡೆ ಎಂ-ಸೀಲ್ ಮೆತ್ತಿದ. 400 ನಂಬರ್ ವಾಟರ್ ಪೇಪರ್ ಹಾಕಿ ಉಜ್ಜಿದ. ಉಜ್ಜಿದ ಅಂತ ಅವನು ಹೇಳುತ್ತಾನೆ. ಆಮೇಲೆ ಎರಡು ಡಬ್ಬದ್ದನ್ನು ಕಲಸಿ ಮೂರು ಕೋಟ್ ಹೊಡೆದ.

"ಇದಕ್ಕೆ ರೀಗ್ಲೇಜಿಂಗ್ ಅಂತಾರೆ," ಅಂದ ಶೀನಿ.

"ಸುಳ್ಳು," ಅಂದ ಗುಂಡಣ್ಣ. "ಗ್ಲೇಜು ಅಂದರೆ ಭಟ್ಟಿಯಲ್ಲಿ 1,200 ಡಿಗ್ರಿ ಹತ್ತಿರ ಬೇಯಿಸಿ ಗಾಜಾಗಿಸಿದ್ದು. ನಿಮ್ಮ ಮನೆ ಹಂಡೆ ಒಲೆಯಲ್ಲಿ ಸ್ನಾನಕ್ಕೆ ನೀರು ಕಾಯೋದೇ ಕಷ್ಟ. ನೀನು ಮಾಡಿರೋದು ಪೇಂಟು. ಹಬ್ಬಕ್ಕೆ ಗೋಡೆಗೆ ಸುಣ್ಣ ಹೊಡೀತಾರಲ್ಲ, ಅದರ ತಮ್ಮ."

"ಎಪಾಕ್ಸಿ ಅದು!"

"ತಮ್ಮ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ್ದಾನೆ, ಅಷ್ಟೇ."

ವೆಂಕ ಲೋಳೆ ಕೈ ಮೇಲಕ್ಕೆತ್ತಿಕೊಂಡು ಬೇಸಿನ್ನನ್ನೇ ನೋಡುತ್ತಿದ್ದ, ಆಪರೇಷನ್ನಿಗೆ ಹೊರಟ ಡಾಕ್ಟರ ಹಾಗೆ. "ಇನ್ನೂ ಒಣಗಿಲ್ವಾ? ಹೊಡೆದು ಎಷ್ಟು ದಿನ ಆಯಿತು?"

"ಎಂಟು. ಡಬ್ಬದ ಮೇಲೆ ಮೂರೇ ದಿನ ಅಂತ ಬರೆದಿದ್ದಾನೆ. ಇನ್ನೂ ಬೆರಳಿಗೆ ಅಂಟುತ್ತೆ."

"ಚಳಿ ಕಣೋ," ಅಂದ ಗುಂಡಣ್ಣ. "ಇದು ಒದ್ದೆ ಪಂಚೆ ಒಣಗಿದ ಹಾಗೆ ಒಣಗೋದಲ್ಲ. ಆ ಎರಡು ಡಬ್ಬದ ರೆಸಿನ್ನೂ ಹಾರ್ಡನರೂ ಒಂದಕ್ಕೊಂದು ಕೂಡಿಕೊಂಡು ಗಟ್ಟಿಯಾಗಬೇಕು. ಚಳಿಯಲ್ಲಿ ಅದು ನಿಧಾನ. ಅಳತೆ ತಪ್ಪಿದ್ದರೆ ಆಗೋದೇ ಇಲ್ಲ. ನೀನು ಮಾಡಿದ ದೊಡ್ಡ ತಪ್ಪು ಅದೇ. ಧನುರ್ಮಾಸದಲ್ಲಿ ಯಾರಾದರೂ ಮದುವೆ ಮಾಡ್ತಾರೇನೋ?"

ಪದ್ಮತ್ತಿಗೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಗುವ ಭರದಲ್ಲಿ ವೆಂಕ ಕೈಯಲ್ಲಿದ್ದ ಕಾಳನ್ನು ಜೋರಾಗಿ ಒತ್ತಿಬಿಟ್ಟ. ಬೇಳೆ ಹಾರಿತು. ಅದು ಹೋದ ದಾರಿ ನಾನು ಕಣ್ಣಾರೆ ನೋಡಿದೆ. ಗುಂಡಣ್ಣನ ಕಿವಿ ಪಕ್ಕದಲ್ಲಿ ಹಾದು, "ಮುಟ್ಟಬೇಡಿ" ಬೋರ್ಡಿನ ಮೇಲಿಂದ ಬಾಗಿ, ಬೇಸಿನ್ನಿನ ಒಳಗೆ. ಟಪ್ ಅಂತಲೂ ಸದ್ದಾಗಲಿಲ್ಲ.

ಎಲ್ಲರೂ ಎದ್ದು ಹಗ್ಗದ ಆಚೆಯಿಂದಲೇ ಕತ್ತು ಚಾಚಿ ನೋಡಿದೆವು. ಬೆಳ್ಳನೆಯ ಇಳಿಜಾರಿನ ಮಧ್ಯೆ ಒಂದು ಹಸಿರು ಅವರೆಬೇಳೆ, ಅಂಟಿಕೊಂಡು ಕೂತಿತ್ತು. ಜಾರಲೂ ಇಲ್ಲ.

"ಕೀಳಬೇಡ!" ಶೀನಿ ಕಿರುಚಿದ. "ಕಿತ್ತರೆ ಪೇಂಟು ಏಳುತ್ತೆ!"

"ಬಿಡೋ, ಇರಲಿ. ಐವತ್ತು ವರ್ಷ ಕಳೆದರೆ ಅದೂ ಆಂಟಿಕ್ಕೇ," ಅಂದ ಗುಂಡಣ್ಣ.

ಹತ್ತು ನಿಮಿಷ ಈ ಬೇಳೆಯ ಮೇಲೇ ಚರ್ಚೆ ನಡೆಯಿತು. ಹುಬ್ಬು ಕೀಳುವ ಚಿಮಟ ತರಬೇಕು ಅಂತ ಶೀನಿ, ಒಣಗಿದ ಮೇಲೆ ತಾನೇ ಉದುರುತ್ತೆ ಅಂತ ವೆಂಕ. ಸಾರಿಗೆ ಒಂದು ಬೇಳೆ ಕಡಿಮೆ ಆಯಿತಲ್ಲ ಅಂತ ನಾನೂ ಒಂದು ಮಾತು ಹೇಳಿದೆ. ಯಾರೂ ನಗಲಿಲ್ಲ.

"ಸರಿ, ಒಣಗಿತು ಅಂತಲೇ ಇಟ್ಟುಕೋ," ಗುಂಡಣ್ಣ ಮತ್ತೆ ಕೂತ. "ಆಮೇಲಾದರೂ ಕೈ ತೊಳೆಯಬಹುದಾ?"

ಶೀನಿ ಜೇಬಿನಿಂದ ಕಿಟ್ಟಿನ ಚೀಟಿ ತೆಗೆದ. ಕನ್ನಡಕ ಏರಿಸಿಕೊಂಡು ಓದಿದ. "ಉಜ್ಜುವ ಪುಡಿ ಹಾಕಬಾರದು. ತಂತಿ ನಾರು ಮುಟ್ಟಿಸಬಾರದು. ಬ್ಲೀಚ್ ಬೇಡ. ಆಸಿಡ್ ಬೇಡವೇ ಬೇಡ. ಪಾತ್ರೆ ಬೀಳಿಸಬಾರದು. ಕಲೆಯಾಗುವ ಪದಾರ್ಥ ಬಿದ್ದರೆ ತಕ್ಷಣ ತೊಳೆಯಬೇಕು. ನಲ್ಲಿ ತೊಟ್ಟಿಕ್ಕಬಾರದು."

"ಅರಿಸಿನದ ಕೈ?"

"ಬೇಡ."

"ಎಲೆಅಡಿಕೆ?"

"ಛೆ ಛೆ."

"ಇನ್ನು ಉಳಿದದ್ದು ಒಂದೇ. ಬೆಳಿಗ್ಗೆ ಎದ್ದು ಎದುರಿಗೆ ನಿಂತು ಕೈ ಮುಗಿಯೋದು." ಗುಂಡಣ್ಣ ಲೋಳೆ ಕೈಯಲ್ಲೇ ಮುಗಿದು ತೋರಿಸಿದ. "ನಮ್ಮ ಕಾಲಕ್ಕೆ ಏನು ಬಂತೋ ಗೊತ್ತಾಗಲ್ಲ. ಜಯನಗರದ ಒಂದು ಕಾಫಿ ಅಂಗಡಿಗೆ ಮಗ ಕರಕೊಂಡು ಹೋಗಿದ್ದ. ಹೊಚ್ಚ ಹೊಸ ಎನಾಮಲ್ ಲೋಟ, ಅದಕ್ಕೆ ಬೇಕಂತಲೇ ಚಕ್ಕೆ ಎಬ್ಬಿಸಿದ್ದಾರೆ. ಅಂಥ ಲೋಟವನ್ನು ನಮ್ಮಮ್ಮ ನೆಂಟರು ಬಂದರೆ ಬಚ್ಚಿಡುತ್ತಿದ್ದಳು. ಇವರು ಅದರಲ್ಲೇ ಕಾಫಿ ಕೊಟ್ಟು ಇನ್ನೂರು ರೂಪಾಯಿ ತಗೋತಾರೆ. ಹೊಸದನ್ನು ಹಳೇದು ಮಾಡೋರು ಅವರು, ಹಳೇದನ್ನು ಹೊಸದು ಮಾಡೋನು ನೀನು. ಇಬ್ಬರೂ ಸುಮ್ನೆ ಅದಲುಬದಲು ಮಾಡಿಕೊಂಡಿದ್ದರೆ ಖರ್ಚೇ ಇರಲಿಲ್ಲ."

ಶೀನಿಗೆ ಬೇಜಾರಾಯಿತು. ಮುಖ ನೋಡಿದರೇ ಗೊತ್ತಾಗುತ್ತಿತ್ತು. ವೆಂಕ ಮಾತು ಬದಲಿಸಲು ಹೋಗಿ ಇನ್ನೂ ಕೆಡಿಸಿದ. "ಈ ಪೇಂಟು ಎಷ್ಟು ವರ್ಷ ಬರುತ್ತೆ?"

"ಕಸುಬಿನವರು ಸ್ಪ್ರೇ ಹೊಡೆದರೆ ಹತ್ತು ವರ್ಷ ಬಂದರೂ ಬರಬಹುದು," ಅಂದ ಗುಂಡಣ್ಣ. "ಮನೆಯಲ್ಲಿ ಹೊಡೆದರೆ ನಾಲ್ಕೈದು. ಆಮೇಲೆ ಚಕ್ಕಳ ಚಕ್ಕಳವಾಗಿ ಏಳುತ್ತೆ. ಆಗ ಅದನ್ನು ಕರಗಿಸೋ ದ್ರಾವಣ ತರ್ತೀನಿ ಅಂತ ಹೊರಡಬೇಡ ಮತ್ತೆ. ಅಮೆರಿಕದಲ್ಲಿ ಸ್ನಾನದ ತೊಟ್ಟಿ ರಿಪೇರಿ ಮಾಡೋರು ಮುಚ್ಚಿದ ಬಚ್ಚಲಲ್ಲಿ ಅದರ ಹಬೆ ಕುಡಿದು ಸತ್ತೇ ಹೋಗಿದ್ದಾರೆ. ಮೆಥಿಲೀನ್ ಕ್ಲೋರೈಡ್ ಅಂತ. ಮನೆ ಬಳಕೆಗೆ ಅದನ್ನು ಮಾರಬಾರದು ಅಂತ 2019ರಲ್ಲಿ ಅಲ್ಲಿ ನಿಲ್ಲಿಸಿದರು. ಪೇಂಟ್ ಹೊಡೆಯೋವಾಗ ಕಿಟಕಿಯಾದರೂ ತೆಗೆದಿದ್ದೆಯಾ?"

"ತೆಗೆದಿದ್ದೆ."

"ನಾನು ತೆಗೆದಿದ್ದು," ಅಂದರು ಪದ್ಮತ್ತಿಗೆ.

"ನಲ್ಲಿ ಕೆಳಗೆ ಕಂದು ಗೆರೆ ಒಂದಿತ್ತಲ್ಲ, ಕಬ್ಬಿಣದ ಕಲೆ. ಅದನ್ನು ಉಜ್ಜಿ ತೆಗೆದು ಪೇಂಟ್ ಹೊಡೆದೆಯೋ, ಹಾಗೇ ಹೊಡೆದೆಯೋ?"

ಶೀನಿ ಪರಾತದೊಳಗೆ ನೋಡಿದ. "ಮೂರು ಕೋಟ್ ಹೊಡೀತೀವಲ್ಲ, ಮುಚ್ಚಿಹೋಗುತ್ತೆ ಅಂತ..."

"ಮುಖ ತೊಳೆಯದೆ ಪೌಡರ್ ಹಚ್ಚಿದ್ದೀಯ! ಕೆಳಗೆ ಕಲೆ, ಸೋಪಿನ ಜಿಡ್ಡು ಇದ್ದರೆ ಪೇಂಟು ಹಿಡಿಯೋದೇ ಇಲ್ಲ. ಅಲ್ಲ, ಆ ಬೇಸಿನ್ನಿಗೆ ಪೇಂಟು ಬೇಕಿತ್ತಾ ಅಂತ? ಬೂದು ಗೆರೆಗಳಿದ್ದವಲ್ಲ, ಅವು ಗೀರೂ ಅಲ್ಲ. ಸ್ಟೀಲ್ ಪಾತ್ರೆ ಸವೆದು ಪಿಂಗಾಣಿ ಮೇಲೆ ಬಿಟ್ಟ ಗುರುತು, ಪೆನ್ಸಿಲ್ ಎಳೆದ ಹಾಗೆ. ಬಿಳೀ ಪೊರೆ ಬೋರ್‌ವೆಲ್ ನೀರಿನ ಸುಣ್ಣ. ನಿಂಬೆಹಣ್ಣಿನ ಹೋಳಿಗೆ ಉಪ್ಪು ಹಚ್ಚಿ ಉಜ್ಜಿದ್ದರೆ ಎದ್ದು ಬರ್ತಿತ್ತು. ಕಬ್ಬಿಣದ ಕಲೆಗೆ ಹುಣಸೆಹಣ್ಣು. ಅತ್ತಿಗೆ, ನೀವಾದರೂ ಒಂದು ಮಾತು ಹೇಳಬಾರದಿತ್ತಾ? ದೇವರ ದೀಪ ಎಲ್ಲ ಹುಣಸೆಹಣ್ಣಲ್ಲೇ ತಿಕ್ತೀರ."

"ಬೇಸಿನ್ನಿಗೂ ಹುಣಸೆಹಣ್ಣೇ ಹಾಕ್ತಿದ್ದೆ ಗುಂಡಣ್ಣ," ಅಂದರು ಪದ್ಮತ್ತಿಗೆ. ಕೈ ತನ್ನ ಪಾಡಿಗೆ ಕಾಳು ಹಿದುಕುತ್ತಿತ್ತು. "ಆ ಗೆರೆ ಒಂದನ್ನು ಬಿಟ್ಟು."

"ಯಾಕೆ?"

"ಮಾವನದು ಅದು."

ಶೀನಿ ತಲೆ ಎತ್ತಿದ.

"ಪಾರ್ಶ್ವವಾಯು ಆದ ಮೇಲೆ ಅವರಿಗೆ ಬಲಗೈಯಲ್ಲಿ ಬಿಗಿ ಇರಲಿಲ್ಲ. ನಲ್ಲಿ ಪೂರ್ತಿ ತಿರುಗಿಸೋಕೆ ಆಗ್ತಿರಲಿಲ್ಲ. ಹೇಳಿದರೆ ನೊಂದುಕೊಳ್ತಾರೆ ಅಂತ ನಾನು ಸುಮ್ಮನಿದ್ದೆ. ರಾತ್ರಿ ಅವರು ಕೈ ತೊಳೆದು ಹೋಗಿ ಮಲಗಿದ ಮೇಲೆ ಎದ್ದು ಬಂದು ನಿಲ್ಲಿಸ್ತಿದ್ದೆ. ಒಂದೊಂದು ದಿನ ನನಗೂ ನಿದ್ದೆ ಬಂದುಬಿಡೋದು. ಬೆಳಗಿನವರೆಗೂ ತೊಟ್ಟಿಕ್ಕೋದು. ನಾಲ್ಕು ವರ್ಷ. ಮೊದಲು ಬೆರಳುಗುರಿನಷ್ಟಿತ್ತು. ಆಮೇಲೆ ತೂತಿನವರೆಗೂ ಇಳೀತು."

"ನನಗೆ ಹೇಳಲೇ ಇಲ್ಲ ನೀನು," ಅಂದ ಶೀನಿ.

"ನೀವು ಪೇಂಟ್ ಹೊಡೆಯೋವಾಗ ನಾನು ಸಂತೆಗೆ ಹೋಗಿದ್ದೆ. ಬಂದು ಕಿಟಕಿ ತೆಗೆದೆ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕಾಳು ಹಿದುಕುವ ಸದ್ದು ಮಾತ್ರ. ಗುಂಡಣ್ಣನಿಗೂ ಏನೂ ಹೊಳೆದ ಹಾಗೆ ಕಾಣಲಿಲ್ಲ. ಎರಡು ಸಲ ಗಂಟಲು ಸರಿ ಮಾಡಿಕೊಂಡ. ವೆಂಕ ಮೆಲ್ಲಗೆ ಎದ್ದು ಹಿತ್ತಲಿನ ಕಲ್ಲಿನ ಹತ್ತಿರ ಹೋಗಿ, ತೆಂಗಿನ ಬುಡದಲ್ಲಿ ಬಾಗಿ, ತಂಬಿಗೆಯಿಂದ ತಾನೇ ಕೈಗೆ ನೀರು ಸುರಿದುಕೊಳ್ಳುವುದು ಬಾಗಿಲಿಂದ ಕಾಣುತ್ತಿತ್ತು. ಒಂದು ಕೈಯಲ್ಲಿ ತಂಬಿಗೆ ಹಿಡಿದರೆ ಇನ್ನೊಂದು ಕೈ ಉಜ್ಜುವವರಿಲ್ಲ. ಪಾಪ, ಎರಡು ಸಲ ಅದಲುಬದಲು ಮಾಡಿ ನೋಡಿದ.

"ಗುಂಡಣ್ಣ," ಅಂದ ಶೀನಿ.

"ಹ್ಞೂಂ."

"ಉಜ್ಜದೆ ಹೊಡೆದರೆ ಪೇಂಟು ಎಷ್ಟು ವರ್ಷಕ್ಕೆ ಏಳುತ್ತೆ ಅಂದೆ?"

ಗುಂಡಣ್ಣ ಬೇಸಿನ್ನಿನ ಕಡೆ ತಿರುಗಿ ನೋಡಿದ. ಬೇಳೆ ಅಲ್ಲೇ ಇತ್ತು.

"ನಿನ್ನ ಕೈಗುಣಕ್ಕೆ ಒಂದೂವರೆ ವರ್ಷ ಬೇಕಾದಷ್ಟಾಯಿತು," ಅಂದ. "ನಲ್ಲಿ ವಾಷರ್ ಮಾತ್ರ ಬದಲಾಯಿಸಬೇಡ."