ಹಳೇ ಓಮ್ನಿ: ಮುಂದಿನ ಬಾಗಿಲ ಗ್ಲಾಸ್ ಬೀಡಿಂಗ್ ಬದಲಿಸೋದು ಹೇಗೆ?

ಪ್ರಶ್ನೆ (ಬಳ್ಳಾರಿ): 2006ರ ಗಾಡಿ. ಹೊರಗಿನ ಬೀಡಿಂಗ್ (ಗ್ಲಾಸಿಗೆ ತಾಗಿ ಕೂರೋ ರಬ್ಬರ್ ಪಟ್ಟಿ) ಒಣಗಿ ಸೀಳಿದೆ. ಗ್ಲಾಸ್ ಮೇಲೆ ಉದ್ದುದ್ದ ಗೆರೆ, ಸಂಡೂರು ಕಡೆ ಹೋಗಿಬಂದ್ರೆ ಬಾಗಿಲೊಳಗೆಲ್ಲ ಕೆಂಪು ಧೂಳು. ಹೊರಗಿನದಷ್ಟೇ ಹಾಕಿದ್ರೆ ಸಾಕಾ?

ಉತ್ತರ (ರಾಯಚೂರು): ಸಾಲಲ್ರೀ. ಒಳ ಬೀಡಿಂಗು, ಗ್ಲಾಸ್ ಓಡೋ ಚಾನೆಲ್ ರಬ್ಬರೂ ನೋಡಿ. ಚಾನೆಲ್ಲಿನ ಮಖಮಲ್ ಸವೆದು ಅಲ್ಲಿ ಅದಿರಿನ ಧೂಳು ಕೂತರೆ ಅದೇ ಗ್ಲಾಸನ್ನು ಉಜ್ಜೋದು.
ಗ್ಲಾಸ್ ಪೂರ್ತಿ ಇಳಿಸಿ. ಗ್ಲಾಸ್ ಏರಿಸಿ ಇಳಿಸೋ ಹ್ಯಾಂಡಲ್ ಹಿಂದೆ ತಂತಿಯ ಲಾಕ್ ಇರ್ತದೆ. ಬಟ್ಟೆ ಪಟ್ಟಿ ತೂರಿಸಿ ಆಚೀಚೆ ಎಳೆದರೆ ಟಣ್ ಅಂತ ಹಾರ್ತದೆ, ಕೈ ಅಡ್ಡ ಹಿಡೀರಿ. ಆಮೇಲೆ ಬಾಗಿಲ ಒಳಮೈ ಮುಚ್ಚೋ ಪ್ಯಾಡ್ ಬಿಚ್ಚಿ. ಬಾಗಿಲ ಅಂಚಿಗೆ ಮಾಸ್ಕಿಂಗ್ ಟೇಪ್ ಹಚ್ಚಿ, ಪ್ಲಾಸ್ಟಿಕ್ ಪಟ್ಟಿಯಿಂದ ಹಳೇ ಬೀಡಿಂಗನ್ನು ಕ್ಲಿಪ್ ಇದ್ದಲ್ಲೇ ಮೇಲಕ್ಕೆತ್ತಿ. ಸ್ಕ್ರೂಡ್ರೈವರ್ ಹಾಕಿದ್ರೆ ಪೇಂಟ್ ಹೋಗ್ತದೆ, ಮಳೆಗಾಲದಲ್ಲಿ ಅಲ್ಲಿಂದಲೇ ತುಕ್ಕು.

ಉತ್ತರ (ಕೊಪ್ಪಳ): ಚಾನೆಲ್ ರಬ್ಬರನ್ನು ಎಳೆದು ಕೂರಿಸಬೇಡಿ, ಬಿಸಿಲಿಗೆ ಕುಗ್ಗಿ ಮೂಲೆ ಬಿಟ್ಟುಕೊಳ್ತದೆ. ಮೊದಲು ಮೇಲಿನ ಎರಡು ಮೂಲೆ, ಆಮೇಲೆ ನಡುವೆ, ಕೊನೆಗೆ ಕೆಳಕ್ಕೆ. ಮೀಟರ್ ಲೆಕ್ಕದಲ್ಲಿ ಕೊಂಡ ರಬ್ಬರಾದ್ರೆ 5 ಮಿ.ಮೀ. ಹೆಚ್ಚೇ ಕತ್ತರಿಸಿ, ಒತ್ತಿ ತುಂಬಿಸಿ. ಗ್ಲಾಸ್ ಬಿಗಿಯಾದ್ರೆ ಸಿಲಿಕಾನ್ ಸ್ಪ್ರೇ ಮಾತ್ರ. ಗ್ರೀಸು, ಇಂಜಿನ್ ಆಯಿಲ್ ರಬ್ಬರನ್ನು ಉಬ್ಬಿಸ್ತವೆ, ಮೇಲೆ ಧೂಳನ್ನೂ ಹಿಡೀತವೆ.

ಉತ್ತರ (ರಾಯಚೂರು): ಪ್ಯಾಡ್ ಹಿಂದಿನ ಪ್ಲಾಸ್ಟಿಕ್ ಹಾಳೆ ಎಸೀಬೇಡಿ, ನೀರು ತಡೆಯೋದು ಅದೇ. ಬಾಗಿಲ ತಳದಲ್ಲಿ ನೀರು ಇಳಿಯೋ ತೂತುಗಳಿಗೂ ತಂತಿ ಹಾಕಿ ಬಿಡಿಸಿ. ಮಣ್ಣು ಕಟ್ಟಿದ್ದರೆ ಹೊಸ ಬೀಡಿಂಗಿದ್ದರೂ ಬಾಗಿಲು ಒಳಗಿಂದ ಕೊಳೀತದೆ. ಹಳೇ ಗೆರೆಗಳು ಮಾತ್ರ ಹೋಗಲ್ಲ, ಉಗುರಿಗೆ ಸಿಗುವಷ್ಟು ಆಳ ಇದ್ರೆ ಗ್ಲಾಸೇ ಬದಲಿಸಬೇಕು.